ನಮ್ಮ ಮನೆ ಕಟ್ಟಿದ ಗಂಡಸರ ಆರೋಗ್ಯದ ಮಾತು

ಇಲ್ಲಿ 2010ಕ್ಕಿಂತ ಮುಂಚೆ ಅಮೆರಿಕದ ಗ್ರೀನ್ ಕಾರ್ಡ್ ತಗೊಂಡವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಸುಮಾರು ಜನ ಇದ್ದೀರಿ. ಹಾಗಾದರೆ ಸ್ವಲ್ಪ ನೆನಪು ಮಾಡಿಕೊಳ್ಳಿ. ಅರ್ಜಿಯ ಜೊತೆ ಒಂದು ವೈದ್ಯಕೀಯ ಪರೀಕ್ಷೆ ಮಾಡಿಸಿದಿರಿ ಅಲ್ವಾ? ಅವತ್ತು ತೆಗೆದ ರಕ್ತದಲ್ಲಿ ಎಚ್‌ಐವಿ ಇದೆಯಾ ಅಂತಲೂ ನೋಡಿದ್ದರು. ಎಚ್‌ಐವಿ ಇದ್ದವರನ್ನು ದೇಶದೊಳಗೆ ಬಿಟ್ಟುಕೊಳ್ಳಬಾರದು ಎಂಬ ನಿಯಮ 1987ರಲ್ಲಿ ಬಂತು. ಅದು ಹೋಗಿದ್ದು 2010ರ ಜನವರಿಯಲ್ಲಿ. ಅಲ್ಲಿವರೆಗೆ, ವಿಶೇಷ ವಿನಾಯಿತಿ ಸಿಗದಿದ್ದರೆ, ಸೋಂಕಿದ್ದವರಿಗೆ ಬಾಗಿಲು ಮುಚ್ಚಿತ್ತು.

ನನ್ನ ಸರದಿಯೂ ಆಗಲೇ ಬಂದಿತ್ತು. ನಾನು ನರ್ಸ್. ನನಗೆ ಸೋಂಕು ತಗುಲುವ ಕಾರಣ ಏನೂ ಇರಲಿಲ್ಲ. ಆದರೂ ಫಲಿತಾಂಶ ಬರುವವರೆಗೆ ಹೊಟ್ಟೆ ಕಲಸುತ್ತಿತ್ತು. ಕಾಯಿಲೆ ಬಂದಿದ್ದರೆ ಏನು ಗತಿ ಎನ್ನುವುದಕ್ಕಿಂತ ಜಾಸ್ತಿ, ಕಾಗದ ಹೋದರೆ ಏನು ಗತಿ ಎಂಬ ಭಯ.

ಈಗ ಕಾಗದವೇ ಇಲ್ಲದ ಒಬ್ಬ ಗಂಡಸನ್ನು ನೆನೆಸಿಕೊಳ್ಳಿ. ಯಾರೋ ಬಂದು, ಬೆರಳು ಚುಚ್ಚಿ ಒಂದು ಹನಿ ರಕ್ತ ಕೊಡಪ್ಪಾ, ಹೆಸರು ಬರೆಸಪ್ಪಾ ಅಂತಾರೆ. ನಿಯಮ ಹೋಗಿ ಎಷ್ಟೋ ವರ್ಷ ಆಯ್ತು ಅಂತ ಅವನಿಗೆ ಯಾರು ಹೇಳಬೇಕು? ಹೇಳಿದರೂ ಯಾಕೆ ನಂಬಬೇಕು? ನಾನು ಇವತ್ತು ಮಾತಾಡೋದು ಈ ಗಂಡಸಿನ ಬಗ್ಗೆ, ಮೆಕ್ಸಿಕೊ, ಗ್ವಾಟೆಮಾಲಾದಂಥ ಲ್ಯಾಟಿನ್ ಅಮೆರಿಕದ ದೇಶಗಳಿಂದ ದುಡಿಯೋಕೆ ಬಂದ ಲ್ಯಾಟಿನೊ ಗಂಡಸಿನ ಬಗ್ಗೆ, ಅವನ ಲೈಂಗಿಕ ಆರೋಗ್ಯದ ಬಗ್ಗೆ.

ನೀವು ಅವನನ್ನು ನೋಡಿದ್ದೀರಿ. ನಾರ್ತ್ ಕ್ಯಾರೊಲಿನಾದ ಈ ನಮ್ಮ ಕ್ಯಾರಿ, ಮಾರಿಸ್‌ವಿಲ್‌ನಲ್ಲಿ ನಮ್ಮ ಮನೆಗಳು ಎದ್ದಾಗ ಛಾವಣಿಯ ಮೇಲೆ ಕೂತು ಮೊಳೆ ಹೊಡೆದವನು ಅವನೇ. ಹುಲ್ಲು ಕತ್ತರಿಸುವವನು, ಹೋಟೆಲಿನ ಹಿಂದೆ ಪಾತ್ರೆ ತೊಳೆಯುವವನು. ಈ ರಾಜ್ಯದ ಗೆಣಸು, ತಂಬಾಕು ಕೈಗೆ ಬರೋದು ಅವನಿಂದ. ಗುಡ್ಡದ ಮೇಲೆ ಕ್ರಿಸ್‌ಮಸ್ ಮರ ಕಡಿದು ಲಾರಿಗೆ ತುಂಬೋದೂ ಅವನೇ. 1990ರ ಜನಗಣತಿಯಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಲ್ಯಾಟಿನೊ ಜನ ಸುಮಾರು 77 ಸಾವಿರ ಇದ್ದರು. 2000ಕ್ಕೆ 3 ಲಕ್ಷ 79 ಸಾವಿರ. 2020ಕ್ಕೆ 11 ಲಕ್ಷ ದಾಟಿದರು. ಮೊದಲ ಹತ್ತು ವರ್ಷದ ಜಿಗಿತ ನೋಡಿ, ಹೆಚ್ಚುಕಡಿಮೆ ಐದು ಪಟ್ಟು. ಆಗ ಬಂದವರಲ್ಲಿ ಹರೆಯದ ಗಂಡಸರೇ ಜಾಸ್ತಿ. ಕೋಳಿ ಮಾಂಸದ ಕಾರ್ಖಾನೆ, ಹಂದಿ ಮಾಂಸದ ಕಾರ್ಖಾನೆ, ಕಟ್ಟಡದ ಕೆಲಸ ಇವರನ್ನು ಕರೆಸಿಕೊಂಡವು. ಸೈಲರ್ ಸಿಟಿಯಂಥ ಸಣ್ಣ ಊರುಗಳು ಕೆಲವೇ ವರ್ಷದಲ್ಲಿ ಗುರುತೇ ಸಿಗದಷ್ಟು ಬದಲಾದವು.

ನಾನು ಕೊಪ್ಪಳ ಜಿಲ್ಲೆಯವಳು. ನಮ್ಮ ಕಡೆ ಇದಕ್ಕೆ ಒಂದು ಮಾತಿದೆ, ಗುಳೆ ಹೋಗೋದು. ಮಳೆ ಕೈಕೊಟ್ಟರೆ ಬೆಂಗಳೂರಿಗೆ, ಗೋವಾಕ್ಕೆ, ಮಂಗಳೂರಿಗೆ ಗಂಟು ಕಟ್ಟೋದು. ಮನೆಗೆ ಬೀಗ ಹಾಕಿ ಮಕ್ಕಳು ಮರಿ ಸಮೇತ ಹೋಗುವವರು ಇದ್ದಾರೆ. ಹೆಂಡತಿಯನ್ನು, ಮುದುಕರನ್ನು ಊರಲ್ಲಿ ಬಿಟ್ಟು ಗಂಡಸು ಒಬ್ಬನೇ ಹೋಗೋದೂ ಇದೆ. ಮೆಕ್ಸಿಕೊದಿಂದ, ಗ್ವಾಟೆಮಾಲಾದಿಂದ ಇಲ್ಲಿಗೆ ಬರುವವರದು ಈ ಎರಡನೇ ಬಗೆ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮವನು ಹಬ್ಬಕ್ಕೆ ಬಸ್ ಹತ್ತಿ ಊರಿಗೆ ಬರಬಹುದು. ಕಾಗದ ಇಲ್ಲದೆ ಗಡಿ ದಾಟಿದವನು ಒಮ್ಮೆ ಹೋದರೆ ಮತ್ತೆ ಬರೋದು ಕಷ್ಟ, ಹಣ ಬೇಕು, ಜೀವದ ಆಸೆ ಬಿಡಬೇಕು. ಹಾಗಾಗಿ ಆರು ತಿಂಗಳಿಗೆ ಅಂತ ಬಂದವನು ಆರು ವರ್ಷ ಇಲ್ಲೇ ಉಳೀತಾನೆ. ಹೆಂಡತಿಯ ಮುಖ ಫೋನಿನಲ್ಲಿ ಮಾತ್ರ.

ಇದು ತಾನಾಗಿ ಆದದ್ದಲ್ಲ. 1942ರಿಂದ 1964ರವರೆಗೆ ಅಮೆರಿಕ ಮತ್ತು ಮೆಕ್ಸಿಕೊ ಸರ್ಕಾರಗಳ ನಡುವೆ ಬ್ರಸೆರೊ ಎಂಬ ಒಪ್ಪಂದ ಇತ್ತು. ಬ್ರಸೆರೊ ಅಂದರೆ ತೋಳಿನ ಬಲದಿಂದ ದುಡಿಯುವವನು. ಇಪ್ಪತ್ತೆರಡು ವರ್ಷದಲ್ಲಿ 45 ಲಕ್ಷಕ್ಕೂ ಹೆಚ್ಚು ಗುತ್ತಿಗೆಗಳಿಗೆ ಸಹಿ ಬಿತ್ತು. ಬರೀ ಗಂಡಸರು. ಹೆಂಡತಿ ಮಕ್ಕಳಿಗೆ ಜಾಗ ಇರಲಿಲ್ಲ. ಗಡಿಯ ಕೇಂದ್ರಗಳಲ್ಲಿ ಅವರನ್ನು ಬೆತ್ತಲೆ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದರು, ಮೈಮೇಲೆ ಡಿಡಿಟಿ ಪುಡಿ ಎರಚುತ್ತಿದ್ದರು. ಅದರ ಫೋಟೋಗಳು ಈಗಲೂ ಇವೆ, ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ತೋಳು ಬೇಕು, ಮನುಷ್ಯ ಬೇಡ ಎನ್ನುವ ಏರ್ಪಾಡು ಅಲ್ಲಿ ಗಟ್ಟಿಯಾಯಿತು. ವೈದ್ಯಕೀಯ ಪರೀಕ್ಷೆ ಅಂದರೆ ಅವಮಾನ ಎಂಬ ನೆನಪು ಅಜ್ಜನಿಂದ ಮೊಮ್ಮಗನಿಗೆ ಬಂದಿದ್ದರೆ ಆಶ್ಚರ್ಯ ಏನಿದೆ?

ಇವತ್ತು ಎಚ್-2ಎ ವೀಸಾ ಇದೆ. ನಮ್ಮಲ್ಲಿ ಎಚ್-1ಬಿ ಬಗ್ಗೆ ಗೊತ್ತಿಲ್ಲದವರು ಯಾರೂ ಇಲ್ಲ. ಎಚ್-2ಎ ಅದರ ದಾಯಾದಿ, ಹೊಲದ ಕೆಲಸಕ್ಕೆ ಕೊಡುವ ವೀಸಾ. ಕಾನೂನು ಪ್ರಕಾರ ಮಾಲೀಕನೇ ಮನೆ ಕೊಡಬೇಕು, ಕೊಡುತ್ತಾನೆ. ಆದರೆ ಅದು ಹೊಲದ ನಡುವೆ, ಮುಖ್ಯ ರಸ್ತೆಯಿಂದ ದೂರ. ಒಂದು ಕೋಣೆಯಲ್ಲಿ ನಾಲ್ಕೈದು ಜನ. ಅವರ ಹತ್ತಿರ ಗಾಡಿ ಇರೋದಿಲ್ಲ. ವಾರಕ್ಕೊಮ್ಮೆ ವ್ಯಾನ್ ಬಂದು ಅಂಗಡಿಗೆ ಕರ್ಕೊಂಡು ಹೋಗುತ್ತದೆ, ಹಣ ಕಳಿಸೋಕೆ, ಸಾಮಾನು ತರೋಕೆ. ಉಳಿದಂತೆ ಹೊಲ, ಒಲೆ, ಮಂಚ. ಭಾನುವಾರ ಮಧ್ಯಾಹ್ನ ಬಿಯರ್.

ಸ್ಪ್ಯಾನಿಷ್‌ನಲ್ಲಿ ದೆಸೆಸ್ಪೆರಾಸಿಯೋನ್ ಎಂಬ ಪದ ಇದೆ. ಸ್ಯಾನ್ ಫ್ರಾನ್ಸಿಸ್ಕೊ, ಬರ್ಕ್ಲಿ ಕಡೆ ದಿನಗೂಲಿಗೆ ರಸ್ತೆಯ ಮೂಲೆಯಲ್ಲಿ ನಿಂತು ಕಾಯುವ ಗಂಡಸರನ್ನು ಮಾತಾಡಿಸಿದ ಸಂಶೋಧಕ ಕರ್ಟ್ ಒರ್ಗನಿಸ್ಟಾ ಮತ್ತು ಅವರ ಜೊತೆಗಾರರು ಈ ಪದಕ್ಕೆ ಮತ್ತೆ ಮತ್ತೆ ಬರುತ್ತಾರೆ. ಹತಾಶೆ ಅಂತ ಹೇಳಿದರೆ ಪೂರ್ತಿ ಬರೋದಿಲ್ಲ. ಕೆಲಸ ಸಿಗದ ದಿನ, ಊರಿಗೆ ಹಣ ಕಳಿಸಲಾಗದ ವಾರ, ಫೋನಿನಲ್ಲಿ ಮಗು ಅಪ್ಪ ಯಾರು ಅಂತ ಕೇಳಿದ ಸಂಜೆ, ಇವೆಲ್ಲ ಸೇರಿ ಜೀವ ಚಡಪಡಿಸೋದು. ನಮ್ಮ ಕಡೆ ಜೀವ ಹೊಯ್ದಾಡ್ತದ ಅಂತೀವಲ್ಲ, ಅದು ಹತ್ತಿರ. ಆ ಹೊಯ್ದಾಟದಲ್ಲಿ ಮನುಷ್ಯ ಕುಡೀತಾನೆ. ಕುಡಿದಾಗ ಕಾಂಡೋಮ್ ನೆನಪಾಗೋದಿಲ್ಲ.

ಸಂಬಳದ ದಿನ ಕೆಲವು ಬಿಡಾರಗಳಿಗೆ ಹೆಂಗಸರನ್ನು ಗಾಡಿಯಲ್ಲಿ ಕರ್ಕೊಂಡು ಬರ್ತಾರೆ. ಈ ಮಾತು ಕಿವಿಗೆ ಹಿತವಲ್ಲ, ಗೊತ್ತು. ಆ ಹೆಂಗಸರಲ್ಲೂ ಎಷ್ಟೋ ಜನ ಸಿಕ್ಕಿಬಿದ್ದವರು, ತಾವಾಗಿ ಬಂದವರಲ್ಲ. ಅವರ ಕತೆ ಬೇರೆಯೇ ಒಂದು ಸಂಜೆ ಬೇಡುತ್ತದೆ. ಇಲ್ಲಿ ಪಕ್ಕದ ಡರ್ಹಮ್‌ನಲ್ಲಿ ಎಮಿಲಿಯೊ ಪರ್ರಾಡೊ, ಚೆನೋವಾ ಫ್ಲಿಪ್ಪೆನ್ ಮತ್ತು ಜೊತೆಗಾರರು ವಲಸೆ ಬಂದ ಗಂಡಸರನ್ನು ಮಾತಾಡಿಸಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಂಡತಿ ಜೊತೆಗಿರುವ ಗಂಡಸರು ವೇಶ್ಯೆಯರ ಬಳಿ ಹೋಗೋದು ತೀರಾ ಕಡಿಮೆ. ಒಂಟಿಯಾಗಿ ಇರುವವರು, ಮದುವೆಯಾದವರಾಗಲಿ ಆಗದವರಾಗಲಿ, ಹೋಗೋದು ಅದಕ್ಕಿಂತ ಬಹಳ ಜಾಸ್ತಿ. ಎಲ್ಲರೂ ವಲಸೆ ಬಂದು ದುಡಿಯುವವರೇ. ದೊಡ್ಡ ವ್ಯತ್ಯಾಸ ಸಂಜೆ ಮನೆಯಲ್ಲಿ ಯಾರಿದ್ದಾರೆ ಎನ್ನುವುದು.

ಅದೇ ಅಧ್ಯಯನದ ಇನ್ನೊಂದು ಅಂಶ ನನ್ನ ಕೆಲಸದ ರೀತಿಯನ್ನೇ ಬದಲಾಯಿಸಿತು. ಅಪರಿಚಿತ ಹೆಂಗಸಿನ ಜೊತೆ ಇವರು ಕಾಂಡೋಮ್ ಬಳಸುತ್ತಾರೆ. ಅದೇ ಹೆಂಗಸನ್ನು ನಾಲ್ಕು ಸಲ ನೋಡಿ, ಹೆಸರು ತಿಳಿದು, ಊರು ಯಾವುದು ಅಂತ ಮಾತಾಡಿದ ಮೇಲೆ ಬಿಟ್ಟುಬಿಡುತ್ತಾರೆ. ಯಾಕೆ ಹೇಳಿ? ಕಾಂಡೋಮ್ ಅಂದರೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಹೇಳಿದ ಹಾಗೆ. ನಂಬಿಕೆಗೆ ಹಸಿದು ಬಂದವನು ಅದನ್ನು ಹೇಗೆ ಹೇಳ್ತಾನೆ? ಮುಂಚೆ ನಾನು ಪರಿಚಯ ಇಲ್ಲದವರ ಹತ್ತಿರ ಹುಷಾರಾಗಿರಿ ಅಂತ ಹೇಳ್ತಿದ್ದೆ. ನನ್ನ ಮಾತು ಅಪಾಯವನ್ನು ತಪ್ಪು ಕಡೆ ತೋರಿಸುತ್ತಿತ್ತು.

ಇನ್ನೊಂದು ಪದದ ಬಗ್ಗೆ ನನಗೆ ತಕರಾರಿದೆ. ಭಾರತದ ಏಡ್ಸ್ ಕಾರ್ಯಕ್ರಮದಲ್ಲಿ ವಲಸೆ ಕಾರ್ಮಿಕರನ್ನು, ಲಾರಿ ಡ್ರೈವರ್‌ಗಳನ್ನು ಸೇತುವೆ ಜನ ಅನ್ನುತ್ತಾರೆ. ಸೋಂಕು ಅವರ ಮೇಲೆ ನಡೆದು ಮನೆಗೆ ದಾಟುತ್ತದೆ ಎಂಬ ಅರ್ಥ. ಲೆಕ್ಕಕ್ಕೆ ಸರಿ ಇರಬಹುದು. ಆದರೆ ಸೇತುವೆಗೆ ನೋವಾಗುತ್ತದಾ ಅಂತ ಯಾರೂ ಕೇಳೋದಿಲ್ಲ. ನನಗೆ ಆ ಗಂಡಸು ಮೊದಲು, ಅವನಿಂದ ಯಾರಿಗೆ ಏನಾಗುತ್ತದೆ ಎನ್ನುವುದು ಆಮೇಲೆ. ಈ ವಿಷಯದಲ್ಲಿ ನಾನು ಹಟ ಬಿಟ್ಟಿಲ್ಲ.

ಈಗ ಕಾಯಿಲೆಗೆ ಬರೋಣ. ಸಿಫಿಲಿಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕೆಂದರೆ ಅದು ಮೋಸ ಮಾಡುವ ಕಾಯಿಲೆ. ಮೊದಲು ಒಂದು ಹುಣ್ಣು. ನೋವಿಲ್ಲ. ಏನೂ ಮಾಡದಿದ್ದರೂ ಮೂರರಿಂದ ಆರು ವಾರದಲ್ಲಿ ತಾನೇ ಮಾಯುತ್ತದೆ. ವಾಸಿಯಾಯ್ತು ಅಂತ ಅವನು ಅಂದುಕೊಳ್ತಾನೆ. ಆಮೇಲೆ ಅಂಗೈ, ಅಂಗಾಲಿನಲ್ಲಿ ಕಜ್ಜಿಯಂಥ ಕಲೆಗಳು. ಅವೂ ಹೋಗುತ್ತವೆ. ತಂಬಾಕಿನ ಎಲೆ ಮುಟ್ಟಿದ್ದಕ್ಕೆ ಆಗಿರಬೇಕು ಅಂತಾನೆ. ಕಾಯಿಲೆ ಮಾತ್ರ ಒಳಗೇ ಕೂತಿರುತ್ತದೆ, ವರ್ಷಗಟ್ಟಲೆ. ಕಣ್ಣಿಗೆ, ಮಿದುಳಿಗೆ, ಹೃದಯಕ್ಕೆ ಹೋಗಬಹುದು. ಬಸುರಿ ಹೆಂಗಸಿಗೆ ತಗುಲಿದರೆ ಹೊಟ್ಟೆಯೊಳಗಿನ ಮಗುವಿಗೂ ಹೋಗುತ್ತದೆ. ಈ ದೇಶದಲ್ಲಿ 2022ರಲ್ಲಿ ಹೀಗೆ ಸಿಫಿಲಿಸ್ ಜೊತೆ ಹುಟ್ಟಿದ ಮಕ್ಕಳ ಪ್ರಕರಣಗಳು 3,700ಕ್ಕೂ ಹೆಚ್ಚು. ಅದಕ್ಕೆ ಹತ್ತು ವರ್ಷ ಮುಂಚೆ ಇದ್ದದ್ದಕ್ಕಿಂತ ಹತ್ತು ಪಟ್ಟು. ಶುರುವಿನ ಹಂತದಲ್ಲಿ ಇದಕ್ಕೆ ಬೇಕಾದದ್ದು ಸರಿಯಾದ ಬಗೆಯ ಪೆನಿಸಿಲಿನ್‌ನ ಒಂದೇ ಒಂದು ಡೋಸ್. ಸೊಂಟದ ಕೆಳಗೆ ಸೂಜಿ, ಅಷ್ಟೇ.

ಆ ಸೂಜಿ ಅವನಿಗೆ ಯಾಕೆ ಸಿಗೋದಿಲ್ಲ? ಸಿಗುತ್ತದೆ, ಆದರೆ ತಪ್ಪು ಜಾಗದಲ್ಲಿ. ಮೆಕ್ಸಿಕೊದ ಹಳ್ಳಿಯಲ್ಲಿ ಮೈ ಸರಿ ಇಲ್ಲದಿದ್ದರೆ ಔಷಧಿ ಅಂಗಡಿಗೆ ಹೋಗಿ ಸೂಜಿ ಹಾಕಿಸಿಕೊಳ್ಳೋದು ರೂಢಿ. ನಮ್ಮ ಹಳ್ಳಿಗಳಲ್ಲಿ ಸೂಜಿ ಮಾಡದ ಡಾಕ್ಟರು ಡಾಕ್ಟರೇ ಅಲ್ಲ ಅಂತಾರಲ್ಲ, ಹಾಗೇ. ಇಲ್ಲಿಗೆ ಬಂದ ಮೇಲೂ ತಿಯೆಂದಾ ಅಂತ ಕರೆಯುವ ಲ್ಯಾಟಿನೊ ಕಿರಾಣಿ ಅಂಗಡಿಗಳಲ್ಲಿ ಕೆಲವು ಕಡೆ ಒಳಗಿಂದೊಳಗೆ ಆಂಟಿಬಯೋಟಿಕ್ ಸಿಗುತ್ತದೆ. ಉರಿಮೂತ್ರ ಅಂತ ನಾಲ್ಕು ಗುಳಿಗೆ ತಗೊಂಡ್ರೆ ಉರಿ ಕಡಿಮೆಯಾಗುತ್ತದೆ, ಕಾಯಿಲೆ ಉಳಿಯುತ್ತದೆ. ವಿಟಮಿನ್ ಮತ್ತು ಆಂಟಿಬಯೋಟಿಕ್ ಸೂಜಿಯನ್ನು ತಾವೇ, ಒಬ್ಬರಿಗೊಬ್ಬರು ಚುಚ್ಚಿಕೊಳ್ಳುವ ರೂಢಿ ಹೊಲದ ಬಿಡಾರಗಳಲ್ಲಿ ಇದೆ ಎಂದು ಸಂಶೋಧಕರು 1990ರ ದಶಕದಲ್ಲೇ ಬರೆದಿದ್ದಾರೆ. ಒಂದೇ ಸೂಜಿಯನ್ನು ಇಬ್ಬರು ಬಳಸಿದರೆ ಏನಾಗಬಹುದು ಅಂತ ನಿಮಗೆ ಗೊತ್ತು. ಮಾದಕ ವಸ್ತುವೇ ಬೇಕಿಲ್ಲ, ಸುಮ್ನೆ ಶಕ್ತಿ ಬರಲಿ ಅಂತ ಹಾಕಿಕೊಂಡ ವಿಟಮಿನ್ ಸಾಕು.

ಕೌಂಟಿ, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಅದರ ಆರೋಗ್ಯ ಇಲಾಖೆಗೆ ಹೋಗಬಹುದಲ್ಲಾ ಅಂತ ನೀವು ಕೇಳಬಹುದು. ಹೋಗಬಹುದು. ಈ ರಾಜ್ಯದಲ್ಲಿ ಲೈಂಗಿಕ ಸೋಂಕುಗಳ ಪರೀಕ್ಷೆ, ಚಿಕಿತ್ಸೆ ಅಲ್ಲಿ ಉಚಿತ. ಎಚ್‌ಐವಿ ಇದ್ದವರಿಗೆ 1990ರಿಂದ ಇರುವ ರಯಾನ್ ವೈಟ್ ಕಾರ್ಯಕ್ರಮ ಇದೆ, ಅದೂ ಕಾಗದ ಕೇಳದೆ ಚಿಕಿತ್ಸೆ ಕೊಡುತ್ತದೆ. ಆದರೆ ಹೋಗೋದು ಹೇಗೆ? 2006ರಿಂದ ಇಲ್ಲಿ ಕಾಗದ ಇಲ್ಲದವರಿಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ. ಬಸ್ಸಿಲ್ಲದ ಊರು. ಗಾಡಿ ಓಡಿಸಿಕೊಂಡು ಹೋದರೆ ದಾರಿಯಲ್ಲಿ ಪೊಲೀಸರ ತಪಾಸಣೆ ಇರಬಹುದು. ಕೆಲವು ಕೌಂಟಿಗಳ ಪೊಲೀಸರು ವಲಸೆ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಅಂದರೆ ಉರಿಮೂತ್ರ ತೋರಿಸೋಕೆ ಹೊರಟವನು ದೇಶದಿಂದಲೇ ಹೊರಗೆ ಬೀಳಬಹುದು. ಕಚೇರಿ ತೆರೆದಿರೋದು ಅವನು ಹೊಲದಲ್ಲಿರುವ ಹೊತ್ತಿಗೆ. ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಹೋಯ್ತು. ಇನ್ನು ವಿಮೆ. 2010ರ ಆರೋಗ್ಯ ಕಾನೂನು, ಒಬಾಮಾಕೇರ್ ಅಂತೀವಲ್ಲ, ಅದರ ವಿಮೆ ಮಾರುಕಟ್ಟೆಯಲ್ಲಿ, ತನ್ನ ಜೇಬಿನ ಪೂರ್ತಿ ದುಡ್ಡು ಕೊಟ್ಟು ಕೊಳ್ಳುತ್ತೇನೆ ಅಂದರೂ ಕಾಗದ ಇಲ್ಲದವನಿಗೆ ಕೊಳ್ಳುವ ಹಾಗಿಲ್ಲ.

ಭಾಷೆ ಇನ್ನೊಂದು. ಸ್ಪ್ಯಾನಿಷ್ ಕರಪತ್ರ ಅಚ್ಚು ಹಾಕಿಸಿದರೆ ಕೆಲಸ ಮುಗೀತು ಅಂತ ನಾವು ಅಂದುಕೊಂಡಿದ್ದೆವು. ಈ ರಾಜ್ಯದ ಮಾರ್ಗಂಟನ್ ಊರಿನ ಕಡೆ ಕೋಳಿ ಕಾರ್ಖಾನೆಗೆ ಬಂದವರು ಗ್ವಾಟೆಮಾಲಾದ ಮಾಯಾ ಜನ, ತಮ್ಮದೇ ಭಾಷೆ ಇರುವವರು. ಮೆಕ್ಸಿಕೊದ ದಕ್ಷಿಣದಿಂದ ಬಂದ ಕೆಲವರ ಮನೆಮಾತು ಮಿಶ್ಟೆಕೊ. ಅವರಿಗೆ ಸ್ಪ್ಯಾನಿಷ್ ಅಂದರೆ ನಮ್ಮ ರಾಯಚೂರಿನ ಅಜ್ಜನಿಗೆ ಹಿಂದಿ ಇದ್ದ ಹಾಗೆ. ಸಂತೆಯಲ್ಲಿ ವ್ಯಾಪಾರಕ್ಕೆ ಸಾಕು. ಮೈಯ ಗುಟ್ಟನ್ನು ಆ ಭಾಷೆಯಲ್ಲಿ ಹೇಳೋಕೆ ಆಗೋದಿಲ್ಲ. ಒಮ್ಮೆ ಒಬ್ಬ ಹುಡುಗ, ಇಪ್ಪತ್ತು ವರ್ಷ ಇರಬಹುದು, ನನ್ನ ಪ್ರಶ್ನೆಗೆಲ್ಲ ಸೀ, ಸೀ ಅಂತ ತಲೆ ಆಡಿಸಿದ. ಹೌದು, ಹೌದು. ಅರ್ಧ ಗಂಟೆ ಆದ ಮೇಲೆ ಗೊತ್ತಾಯ್ತು, ಅವನಿಗೆ ಒಂದು ಮಾತೂ ತಿಳಿದಿರಲಿಲ್ಲ. ನಾನು ಕೋಪ ಮಾಡಿಕೊಳ್ಳಬಾರದು ಅಂತ ಹೌದು ಅಂದಿದ್ದ.

ಗಂಡಸರನ್ನು ಪ್ರೀತಿಸುವ ಗಂಡಸರ ಮಾತು ಹೇಳದೆ ಹೋದರೆ ನಾನು ಅರ್ಧವನ್ನೇ ಹೇಳಿದ ಹಾಗೆ. ಅಮೆರಿಕದ ಜನಸಂಖ್ಯೆಯಲ್ಲಿ ಲ್ಯಾಟಿನೊ ಜನ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. 2022ರಲ್ಲಿ ಹೊಸದಾಗಿ ಎಚ್‌ಐವಿ ತಗುಲಿದವರಲ್ಲಿ ಅವರು ಸುಮಾರು ಮೂರರಲ್ಲಿ ಒಂದು ಪಾಲು. ಅದರಲ್ಲೂ ಬಹುಪಾಲು ಗಂಡಸರ ಜೊತೆ ಸಂಬಂಧ ಇರುವ ಗಂಡಸರು. ದೇಶದಲ್ಲಿ ಒಟ್ಟು ಹೊಸ ಸೋಂಕು ಇಳಿಯುತ್ತಿದ್ದ ವರ್ಷಗಳಲ್ಲೂ ಇವರಲ್ಲಿ ಇಳಿಯಲಿಲ್ಲ. ಎಚ್‌ಐವಿ ತಡೆಯುವ ಮಾತ್ರೆಗೆ, ಪ್ರೆಪ್ ಅಂತೀವಲ್ಲ, ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ. ಇವರಿಗೆ ಅದು ತಲುಪಿದ್ದು ತೀರಾ ಕಡಿಮೆ. ಊರಿನಲ್ಲಿ ಬದುಕಲು ಬಿಡದೆ ಇದ್ದುದಕ್ಕೇ ಊರು ಬಿಟ್ಟವರಿದ್ದಾರೆ. ಹೆಂಡತಿ ಮಕ್ಕಳು ಇದ್ದು, ಈ ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡವರೂ ಇದ್ದಾರೆ. ಎಂಟು ಜನ ಮಲಗುವ ಮನೆಯಲ್ಲಿ ದಿನಾ ಒಂದು ಮಾತ್ರೆ ನುಂಗಬೇಕೆಂದರೆ ಡಬ್ಬಿ ಎಲ್ಲಿ ಅಡಗಿಸಿಡೋದು? ಈ ಪ್ರಶ್ನೆ ಕೇಳಿದವನಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನೇ ಕಂಡುಕೊಂಡ, ವಿಟಮಿನ್ ಡಬ್ಬಿಯಲ್ಲಿ. ಈಗ ಎರಡು ತಿಂಗಳಿಗೊಮ್ಮೆ ಹಾಕುವ ಸೂಜಿಯೂ ಇದೆ. ಸೂಜಿ ನಂಬುವ ಜನಕ್ಕೆ ಅದು ಎಷ್ಟು ಅನುಕೂಲ ಅಂತ ನೋಡಿ. ತಲುಪಿಸಬೇಕಷ್ಟೇ.

ಒಳ್ಳೆಯ ಸುದ್ದಿಯೂ ಈ ರಾಜ್ಯದ್ದೇ. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸ್ಕಾಟ್ ರೋಡ್ಸ್ ಮತ್ತು ಅವರ ಜೊತೆಗಾರರು ಗಂಡಸರು ಎಲ್ಲಿ ಸೇರುತ್ತಾರೆ ಅಂತ ನೋಡಿದರು. ಕ್ಲಿನಿಕ್‌ನಲ್ಲಲ್ಲ. ಭಾನುವಾರದ ಫುಟ್‌ಬಾಲ್ ಮೈದಾನದಲ್ಲಿ. ಲ್ಯಾಟಿನೊ ಕಾರ್ಮಿಕರದೇ ಲೀಗ್‌ಗಳಿವೆ, ಊರಿನ ಹೆಸರಿನ ತಂಡಗಳಿವೆ. ಹದಿನೈದು ತಂಡಗಳಿಂದ ಒಬ್ಬೊಬ್ಬನನ್ನು ಆರಿಸಿ ತರಬೇತಿ ಕೊಟ್ಟರು. ಅವರಿಗೆ ನವೆಗಾಂತೆ ಎಂಬ ಹೆಸರು, ದಾರಿ ತೋರುವ ನಾವಿಕ ಎಂದು ಅರ್ಥ. ಕಾರ್ಯಕ್ರಮದ ಹೆಸರು ಓಂಬ್ರೆಸ್, ಅಂದರೆ ಗಂಡಸರು. ಆ ನಾವಿಕ ಡಾಕ್ಟರಲ್ಲ, ತಂಡದಲ್ಲಿ ಜೊತೆಗೆ ಆಡುವವನೇ. ಆಟ ಮುಗಿದ ಮೇಲೆ ಬೂಟು ಬಿಚ್ಚುತ್ತಾ ಕೂತಾಗ ಮಾತು ತೆಗೀತಾನೆ. ಕಾಂಡೋಮ್ ಚೀಲದಲ್ಲಿರುತ್ತದೆ. ಪರೀಕ್ಷೆಗೆ ಎಲ್ಲಿ ಹೋಗಬೇಕು, ಅಲ್ಲಿ ಏನು ಕೇಳ್ತಾರೆ, ಏನು ಕೇಳೋದಿಲ್ಲ ಅಂತ ಹೇಳ್ತಾನೆ. ಬೇಕಾದರೆ ಜೊತೆಗೆ ಹೋಗ್ತಾನೆ. ತರಬೇತಿ ಸಿಗದ ತಂಡಗಳ ಜೊತೆ ಹೋಲಿಸಿದಾಗ ಈ ತಂಡಗಳಲ್ಲಿ ಕಾಂಡೋಮ್ ಬಳಕೆಯೂ ಎಚ್‌ಐವಿ ಪರೀಕ್ಷೆಯೂ ಸ್ಪಷ್ಟವಾಗಿ ಹೆಚ್ಚಾಗಿತ್ತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು.

ಮಚಿಸ್ಮೊ, ಅಂದರೆ ಗಂಡಸುತನದ ಜಂಬವೇ ಇವರ ಕಾಯಿಲೆಗೆ ಕಾರಣ ಎನ್ನುವ ಮಾತು ನೀವು ಕೇಳಿರುತ್ತೀರಿ. ನಾನು ಅದನ್ನು ಪೂರ್ತಿ ಒಪ್ಪೋದಿಲ್ಲ. ಗಂಡಸು ಅಂದರೆ ಮನೆ ನೋಡಿಕೊಳ್ಳುವವನು, ಮಾತಿಗೆ ತಪ್ಪದವನು ಎಂಬ ಭಾವನೆಯೂ ಅದೇ ಗಂಡಸುತನದ ಒಳಗಿದೆ. ಓಂಬ್ರೆಸ್ ಹಿಡಿದದ್ದು ಆ ಎಳೆಯನ್ನು. ನಿನ್ನ ಮೈ ನೋಡಿಕೋ, ನಿನ್ನನ್ನು ನಂಬಿದವರಿದ್ದಾರೆ ಅಂತ ಹೇಳಿದರೆ ಅವನು ಕೇಳ್ತಾನೆ. ನೀನು ಕೆಟ್ಟವನು ಅಂತ ಶುರು ಮಾಡಿದರೆ ಎದ್ದು ಹೋಗ್ತಾನೆ. ನಾವಾದರೂ ಕೂತಿರ್ತೀವಾ?

ಹೋದ ವರ್ಷ ಒಂದು ಬಿಡಾರದಲ್ಲಿ ಒಬ್ಬನೇ ಒಬ್ಬ ಪರೀಕ್ಷೆಗೆ ಬಂದ. ನಲವತ್ತರ ಆಸುಪಾಸು, ಕೈಯೆಲ್ಲ ತಂಬಾಕಿನ ಕಪ್ಪು ಅಂಟು. ಬೆರಳು ಚುಚ್ಚಿ, ಇಪ್ಪತ್ತು ನಿಮಿಷ ಕಾಯಬೇಕು ಅಂದೆ. ಆ ಇಪ್ಪತ್ತು ನಿಮಿಷ ಅವನು ಮಗಳ ಶಾಲೆಯ ಬಗ್ಗೆ ಮಾತಾಡಿದ. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ಎಚ್‌ಐವಿ ಇಲ್ಲ ಅಂತ ಬಂತು. ಸಿಫಿಲಿಸ್ ಪರೀಕ್ಷೆಗೆ ರಕ್ತ ಕಳಿಸಿದ್ದೆವು, ಅದು ಪಾಸಿಟಿವ್ ಬಂತು. ಮುಂದಿನ ಭಾನುವಾರ ಸೂಜಿಗೆ ಅವನನ್ನು ಕರ್ಕೊಂಡು ಹೋಗೋಣ ಅಂತ ಹೋದರೆ ಬಾಗಿಲಲ್ಲಿ ಏಳು ಜನ ನಿಂತಿದ್ದರು. ಅವನೇ ಎಲ್ಲರಿಗೂ ಹೇಳಿದ್ದ. ನನಗೆ ಸಿಫಿಲಿಸ್ ಇದೆ, ವಾಸಿಯಾಗುತ್ತಂತೆ, ನೀವೂ ನೋಡಿಸಿಕೊಳ್ಳಿ, ಈ ಸೆನ್ಯೋರಾ, ಈ ಅಮ್ಮ, ಯಾರಿಗೂ ಹೇಳೋದಿಲ್ಲ. ಇದನ್ನು ನಿಮಗೆ ಹೇಳಬಹುದಾ ಅಂತ ಅವನನ್ನು ಕೇಳಿ, ಒಪ್ಪಿಗೆ ಪಡೆದೇ ಇಲ್ಲಿಗೆ ಬಂದಿದ್ದೇನೆ.

ನಾವು ಏನು ಮಾಡಬಹುದು ಅಂತ ಇಲ್ಲಿಗೆ ಬರುವ ಮುಂಚೆಯೇ ನಿಮ್ಮಲ್ಲಿ ಒಬ್ಬರು ಕೇಳಿದ್ದರು. ಹೇಳ್ತೀನಿ. ನವೆಂಬರ್‌ನಲ್ಲಿ ಗೆಣಸಿನ ಕೆಲಸ ಮುಗಿಯುತ್ತದೆ. ಎಚ್-2ಎ ಮೇಲೆ ಬಂದವರು ಬಸ್ ಹತ್ತಿ ಮೆಕ್ಸಿಕೊಗೆ ಹೊರಡುತ್ತಾರೆ, ಹೆಂಡತಿಯ ಹತ್ತಿರ, ಮಕ್ಕಳ ಹತ್ತಿರ. ಅವರು ಹೊರಡುವ ಮುಂಚಿನ ನಾಲ್ಕು ಭಾನುವಾರ ನಮಗೆ ಮುಖ್ಯ. ಅಷ್ಟರಲ್ಲಿ ಪರೀಕ್ಷೆ ಆಗಬೇಕು, ಫಲಿತಾಂಶ ಬರಬೇಕು, ಬೇಕಾದವರಿಗೆ ಚಿಕಿತ್ಸೆ ಆಗಬೇಕು. ನರ್ಸ್‌ಗಳಿದ್ದೇವೆ, ಕಿಟ್‌ಗಳಿವೆ. ನಮಗೆ ಕಡಿಮೆ ಇರೋದು ಗಾಡಿ, ಗಾಡಿ ಓಡಿಸುವವರು. ಬಿಡಾರದಿಂದ ಕ್ಲಿನಿಕ್‌ಗೆ ನಲವತ್ತು ನಿಮಿಷ, ವಾಪಸ್ ನಲವತ್ತು ನಿಮಿಷ. ಸ್ಪ್ಯಾನಿಷ್ ಬರದಿದ್ದರೂ ಪರವಾಗಿಲ್ಲ. ಏನೂ ಕೇಳಬೇಡಿ, ಹಾಡು ಹಾಕಿ ಸುಮ್ನೆ ಓಡಿಸಿ. ಏಳು ಜನ ಕೂರುವ ವ್ಯಾನ್ ನಮ್ಮಲ್ಲಿ ಬಹಳ ಮನೆಯಲ್ಲಿದೆ ಅಲ್ವಾ? ಬಾಗಿಲ ಹತ್ತಿರ ಒಂದು ಹಾಳೆ ಇಟ್ಟಿದ್ದೇನೆ. ಯಾವ ಭಾನುವಾರ ಬಿಡುವಿದೆ ಅಂತ ಬರೆದುಹೋಗಿ.